ಕುರಿಯ ಈಲಿ ಹೊತ್ತು ವಿಲಾಯತಿಗೆ

ಹಾಸನ

ವಿಲಾಯತಿಗೆ ಹೋಗಿ ಬಂದವನನ್ನು ನಮ್ಮ ಹಾಸನದ ಜನ ಮೊದಲು ಕೇಳುವುದು, ಅಲ್ಲಿ ಏನು ತಿಂದಿರಿ ಎಂದು. ಆಮೇಲೆ ಕೇಳುವುದು, ಅಲ್ಲಿಂದ ಏನು ತಂದಿರಿ ಎಂದು. ನಾನು ತಂದದ್ದು ಹೇಳಿಕೊಳ್ಳುವಂಥದ್ದಲ್ಲ. ಇಲ್ಲಿಂದ ತೆಗೆದುಕೊಂಡು ಹೋದದ್ದನ್ನು ಬೇಕಾದರೆ ಹೇಳುತ್ತೇನೆ. ಗಾಜಿನ ಭರಣಿಗಳಲ್ಲಿ ಸ್ಪಿರಿಟ್ಟು ತುಂಬಿ, ಅದರಲ್ಲಿ ಸತ್ತ ಕುರಿಗಳ ಈಲಿಯನ್ನು ಮುಳುಗಿಸಿ ಒಯ್ದೆ. ಡಾಕ್ಟರುಗಳು ಯಕೃತ್ತು ಎನ್ನುತ್ತಾರಲ್ಲ, ಅದು. ನಾನು ಲಿಂಗವಂತರ ಮನೆಯವನು, ಮಾಂಸ ಬೇಯುವ ಒಲೆಯ ಹತ್ತಿರ ಸುಳಿದವನಲ್ಲ. ಆದರೆ ಹೊಟ್ಟೆಪಾಡಿಗೆ ದನದ ಡಾಕ್ಟರು. ಬೆಳಿಗ್ಗೆ ಲಿಂಗಪೂಜೆ, ಹತ್ತು ಗಂಟೆಗೆ ಕುರಿಯ ಹೊಟ್ಟೆ ಸೀಳುವುದು. ನಮ್ಮ ಅವ್ವ ಬದುಕಿರುವತನಕ ನನ್ನನ್ನು ಬಚ್ಚಲಿಗೆ ಕಳಿಸದೆ ಒಳಕ್ಕೆ ಬಿಟ್ಟುಕೊಂಡವಳಲ್ಲ.

ಈ ಈಲಿಗಳ ಕಥೆ ನೀಲಿ ಉಪ್ಪಿನಿಂದ ಶುರುವಾಯಿತು. ಅದು ಒಂದು ವಿಲಾಯತಿ ಕಂಪನಿಯ ಸರಕು. ದನಗಳಿಗೆ ಮೇವಿನ ಜೊತೆ ಕೊಡಲು ಉಪ್ಪಿನ ಪುಡಿಗೆ ಕಬ್ಬಿಣ, ತಾಮ್ರ ಮೊದಲಾದ ಲೋಹಗಳ ಲವಣವನ್ನು ಚಿಟಿಕೆ ಚಿಟಿಕೆಯಾಗಿ ಬೆರೆಸಿದ್ದು. ತಾಮ್ರದ ಲವಣವೆಂದರೆ ಬೇರೇನೂ ಅಲ್ಲ, ತೋಟದವರು ಗಿಡಕ್ಕೆ ಹೊಡೆಯುವ ಮೈಲುತುತ್ತ. ಉಪ್ಪಿಗೆ ಆ ತೆಳು ನೀಲಿ ಬಣ್ಣ ಬಂದದ್ದು ಅದರಿಂದಲೇ. ಅರಕಲಗೂಡಿನ ಕಡೆ ಕೆಲವು ಊರುಗಳಲ್ಲಿ ಕರಿಯ ಹಸುಗಳ ಕೂದಲು ತುಕ್ಕು ಹಿಡಿದ ಹಾಗೆ ಕೆಂಪಾಗಿ, ಕರುಗಳು ಭೇದಿ ಹತ್ತಿ ಸೊರಗುತ್ತಿದ್ದವು. ಕಂಪನಿಯ ಏಜೆಂಟು ಅಲ್ಲಿ ಈ ಉಪ್ಪನ್ನು ಪುಕ್ಕಟೆ ಹಂಚಿದ. ಕೆಲವು ತಿಂಗಳಲ್ಲಿ ಹಸುಗಳ ಮೈ ಮತ್ತೆ ಕಪ್ಪಗೆ ಮಿರುಗಿತು, ಕರುಗಳು ಬಾಲ ಎತ್ತಿಕೊಂಡು ಓಡಿದವು. ಇದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಗುಣವಿಲ್ಲದ ಉಪ್ಪು ಎಂದರೆ ನನ್ನ ನಾಲಿಗೆ ಸೇದಿಹೋದೀತು. ಅರಕಲಗೂಡಿನಿಂದ ಅದರ ಕೀರ್ತಿ ಕಟ್ಟಾಯಕ್ಕೆ ಬಂತು, ಸಾಲಗಾಮೆಗೆ, ಕೊರವಂಗಲಕ್ಕೆ, ಚನ್ನರಾಯಪಟ್ಟಣಕ್ಕೆ ಹೋಯಿತು. ಮನೆಮನೆಯಲ್ಲೂ ಒಂದೊಂದು ಮಡಕೆ ನೀಲಿ ಉಪ್ಪು.

ನನ್ನ ಅಕ್ಕ ಗೌರಮ್ಮ ಇರುವುದು ಹೊಳೆನರಸೀಪುರದಿಂದ ಚನ್ನರಾಯಪಟ್ಟಣಕ್ಕೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ. ಗಂಡ ಸತ್ತ ಮೇಲೆ ಒಂದು ಜೊತೆ ಎತ್ತು ಇಟ್ಟುಕೊಂಡು ತಾನೇ ಬೇಸಾಯ ಮಾಡಿಸುತ್ತಿದ್ದಳು. ಆ ವರ್ಷ ರಾಗಿ ಕೊಯ್ಲಾದ ಮೇಲೆ ಎಲ್ಲರ ಹಾಗೆ ಅವಳೂ ಹೊಲದಲ್ಲಿ ಕುರಿಮಂದೆ ನಿಲ್ಲಿಸಿದಳು. ನಮ್ಮಲ್ಲಿ ಇದು ಹಿಂದಿನಿಂದ ಬಂದ ಪದ್ಧತಿ. ಕುರುಬರು ಮಂದೆ ಹೊಡೆದುಕೊಂಡು ಊರಿಂದೂರಿಗೆ ಬರುತ್ತಾರೆ, ಒಬ್ಬೊಬ್ಬರ ಹೊಲದಲ್ಲಿ ಒಂದೆರಡು ದಿನ ತಂಗುತ್ತಾರೆ, ಹಿಕ್ಕೆ ಗಂಜಲದಿಂದ ಹೊಲಕ್ಕೆ ಗೊಬ್ಬರವಾಗುತ್ತದೆ. ಹೊಲದವರು ಕುರುಬರಿಗೆ ರಾಗಿ ಕೊಡಬೇಕು, ಕುರಿಗಳಿಗೆ ಉಪ್ಪು ಕೊಡಬೇಕು. ಉಪ್ಪು ಕೊಡದ ಮನೆ ಲೋಭಿಯ ಮನೆ. ಗೌರಕ್ಕ ತನ್ನ ಎತ್ತುಗಳಿಗೆಂದು ಇಟ್ಟಿದ್ದ ನೀಲಿ ಉಪ್ಪನ್ನೇ ಮೊರದ ತುಂಬ ಕೊಟ್ಟಳು. ಮಾರನೆಯ ದಿನವೇ ಕುರಿಗಳು ಬೀಳತೊಡಗಿದವು. ಕಣ್ಣು ಅರಿಸಿನದ ಬಣ್ಣ, ಗಂಜಲ ಕಾಫಿಯ ಬಣ್ಣ. ನೋಡನೋಡುತ್ತ ಅರ್ಧ ಮಂದೆ ಹೋಯಿತು.

ನಾನು ಸೈಕಲ್ಲು ತುಳಿದುಕೊಂಡು ಹೋಗುವ ಹೊತ್ತಿಗೆ ಮಂದೆಯ ಯಜಮಾನ ಬೀರಯ್ಯ ಹೊಲದ ಬದುವಿನ ಮೇಲೆ ಕೂತು ತಲೆಗೆ ಕಂಬಳಿ ಕವಿದುಕೊಂಡಿದ್ದ.

"ಅರಕಲಗೂಡಿಂದ ಇಲ್ಲೀಗಂಟ ಎಲ್ಲಾರ್ ಮನೇಲೂ ಉಪ್ಪು ಕೊಟ್ರು ಸಾ. ಇದೇ ನೀಲಿ ಉಪ್ಪು. ಎಲ್ಲೂ ಒಂದ್ ಕುರಿ ಕೆಮ್ಮನಿಲ್ಲ. ಇಲ್ಲಿಗ್ ಬಂದ್ ಮ್ಯಾಲೇ ಸತ್ವು. ಈವಮ್ಮ ಅದ್ರಾಗೆ ಮೈಲುತುತ್ತ ಬೆರ್ಸಿ ಇಕ್ಕವ್ಳೆ ಕಣ್ ಸಾ."

"ಯಾಕಯ್ಯ ಇಕ್ಕುತ್ತಾಳೆ? ನಿನಗೂ ಅವಳಿಗೂ ಏನು ಹಗೆ?"

"ಅದನ್ನ ನೀವೇ ಕೇಳಿ, ನಿಮ್ ಅಕ್ಕಾರಲ್ವಾ."

ಊರಿನ ಬಾಯಿಗೆ ಅಷ್ಟೇ ಸಾಕಾಯಿತು. ಗಂಡ ಸತ್ತವಳು, ಮಕ್ಕಳಿಲ್ಲದವಳು, ಯಾರ ಹಂಗೂ ಇಲ್ಲದೆ ಬೇಸಾಯ ಮಾಡಿಸುವವಳು. ಇಂಥವಳ ಮೇಲೆ ಏನು ಹೇಳಿದರೂ ಅಂಟುತ್ತದೆ. ಅವಳ ಮನೆಯ ಮಜ್ಜಿಗೆ ಮುಟ್ಟುವವರಿಲ್ಲವಾದರು. ಹೆರಿಗೆ ಮಾಡಿಸಲು ಅವಳನ್ನು ಕರೆಯುತ್ತಿದ್ದ ಮನೆಗಳಿಂದ ಕರೆ ನಿಂತಿತು. ಗೌರಕ್ಕ ಅತ್ತವಳಲ್ಲ. ನನ್ನನ್ನು ಅಡುಗೆಮನೆಗೆ ಕರೆದು, "ತಮ್ಮಯ್ಯ, ನಾನು ಇಸ ಇಕ್ಕಿಲ್ಲ ಅನ್ನೋದು ನಿಂಗೊತ್ತು, ಸಿವಂಗೊತ್ತು. ಊರಿಗೂ ಗೊತ್ತಾಗೋ ಅಂಗೆ ಮಾಡು. ನೀನು ಓದಿರೋದು ಇದಕ್ಕಾದ್ರೂ ಆಗ್ಲಿ," ಎಂದಳು.

ಅದೇ ಸಮಯಕ್ಕೆ ಕಂಪನಿಯವರಿಗೆ ಈ ಕಡೆಯ ದನದ ಡಾಕ್ಟರು ಒಬ್ಬರು ಬೇಕಾಗಿದ್ದರು. ಇಂಗ್ಲೆಂಡಿನಲ್ಲಿರುವ ಅವರ ಪ್ರಯೋಗದ ಫಾರಮ್ಮಿಗೆ ಬಂದು, ಉಪ್ಪಿನ ಗುಣ ನೋಡಿ, ಇಂಡಿಯಾದ ದನಗಳಿಗೆ ಒಳ್ಳೆಯದು ಎನ್ನಬೇಕು. ಹೋಗಿ ಬರುವ ಖರ್ಚು ಅವರದು. ನಾನು ರಜಾ ಹಾಕಿ, ಸತ್ತ ಕುರಿಗಳಿಂದ ತೆಗೆದಿಟ್ಟಿದ್ದ ಈಲಿಗಳನ್ನು ಹೊತ್ತು ಹೊರಟೆ. ಅವರಿಗೆ ಬೇಕಾದದ್ದು ನನ್ನ ಒಂದು ಒಳ್ಳೆಯ ಮಾತು, ನನಗೆ ಬೇಕಾದದ್ದು ಅಕ್ಕನ ಹೆಸರು.

ಬೊಂಬಾಯಿಯ ಹಡಗು

ಅರಸೀಕೆರೆಯಲ್ಲಿ ರೈಲು ಬದಲಿಸಿ ಬೊಂಬಾಯಿಗೆ ಹೋಗಿ ಹಡಗು ಹತ್ತಿದೆ. ಹಡಗಿನಲ್ಲಿ ನನ್ನ ಕೋಣೆಗೆ ಜೊತೆಯಾದವರು ಬೊಂಬಾಯಿಯ ಒಬ್ಬ ಬಟ್ಟೆ ವ್ಯಾಪಾರಿ, ಶೇಠ್ ಜೀ. ಈರುಳ್ಳಿಯನ್ನು ಸಹ ತಿನ್ನದ ಶುದ್ಧ ಮನುಷ್ಯರು. ನಾನೂ ಮಾಂಸ ಮುಟ್ಟದವನು ಎಂದು ತಿಳಿದು ಕೈಹಿಡಿದುಕೊಂಡು ಸಂತೋಷಪಟ್ಟರು. ಅವರ ಸಂತೋಷ ಏಡನ್ ದಾಟುವವರೆಗೂ ಬಾಳಲಿಲ್ಲ. ಸಮುದ್ರದ ಹೊಯ್ದಾಟಕ್ಕೆ ಒಂದು ಭರಣಿಯ ಮುಚ್ಚಳ ಸಡಿಲವಾಗಿ ಕೋಣೆಯೆಲ್ಲ ಸ್ಪಿರಿಟ್ಟು ನಾರಿತು. ಶೇಠರು ಇದೇನು ಎಂದರು. ಸುಳ್ಳು ಹೇಳಲು ಬಾರದೆ ಇದ್ದದ್ದನ್ನು ಹೇಳಿದೆ. ಅವರು ಹಾಸಿಗೆ ಸುತ್ತಿಕೊಂಡು ಮೇಲಿನ ಅಟ್ಟಣೆಗೆ ಹೋದವರು ಮಾರ್ಸೇಲ್ಸ್ ಬರುವತನಕ ಅಲ್ಲೇ ಕುರ್ಚಿಯ ಮೇಲೆ ಮಲಗಿದರು. ನನಗೆ ಇಡೀ ಕೋಣೆ ಸಿಕ್ಕಿತು, ಆದರೆ ಮಾತಿಗೆ ಜನವಿಲ್ಲ. ಊಟದ ಮೇಜಿನಲ್ಲೂ ಅವರು ನನ್ನ ಕಡೆ ಬೆನ್ನು ಹಾಕಿ ಕೂರುತ್ತಿದ್ದರು.

ಅಕ್ಕನೂ ಈಗ ಹೀಗೇ ಇದ್ದಾಳಲ್ಲ ಎಂದುಕೊಂಡೆ. ಹಡಗಿನದು ಕೆಲವು ವಾರದ ಬಹಿಷ್ಕಾರ. ನನ್ನನ್ನು ಯಾರೂ ಕೊಲೆಗಾರ ಎನ್ನಲಿಲ್ಲ, ನಾರುತ್ತಾನೆ ಎಂದರು ಅಷ್ಟೆ.

ಇಂಗ್ಲೆಂಡಿನ ಬಂದರಿನಲ್ಲಿ ಸುಂಕದವನು ನನ್ನ ಪೆಟ್ಟಿಗೆ ಬಿಚ್ಚಿಸಿದ. ಒಂದು ಕಡೆ ಈಲಿಯ ಭರಣಿಗಳು, ಇನ್ನೊಂದು ಕಡೆ ಗೌರಕ್ಕ ಕಟ್ಟಿಕೊಟ್ಟ ಮಾವಿನಕಾಯಿ ಉಪ್ಪಿನಕಾಯಿಯ ಜಾಡಿ. ಈಲಿಗೆ ಕಂಪನಿಯ ಕಾಗದವಿತ್ತು. ಅದನ್ನು ಓದಿ, ತಲೆದೂಗಿ, ಭರಣಿಗಳನ್ನು ಹಸುಗೂಸಿನ ಹಾಗೆ ಎರಡು ಕೈಯಲ್ಲಿ ಎತ್ತಿಟ್ಟ. ಉಪ್ಪಿನಕಾಯಿಗೆ ಕಾಗದವಿರಲಿಲ್ಲ. ಮೂಸಿ ನೋಡಿದ. ಅವನ ಕಣ್ಣಲ್ಲಿ ನೀರು ಬಂತು. ಇದು ತಿನ್ನುವ ಪದಾರ್ಥ ಎಂದು ಎಷ್ಟು ಹೇಳಿದರೂ ನಂಬದೆ ಕಸದ ಡಬ್ಬಿಗೆ ಹಾಕಿಸಿದ. ಸತ್ತ ಕುರಿಗೆ ರಹದಾರಿ ಉಂಟು, ಅಕ್ಕನ ಕೈಯಡುಗೆಗೆ ಇಲ್ಲ. ಊರಿನಲ್ಲೂ ಅವಳ ಕೈಯದನ್ನು ಯಾರೂ ತಿನ್ನುತ್ತಿರಲಿಲ್ಲ ಎಂಬುದು ನೆನಪಾಗಿ ನನಗೆ ಆ ಸುಂಕದವನ ಮೇಲೆ ತಡೆಯಲಾರದ ಸಿಟ್ಟು ಬಂತು. ಪಾಪ, ಅವನಿಗೇನು ಗೊತ್ತು.

ಕಲ್ಲುಗೋಡೆಯ ಊರು

ಕಂಪನಿಯ ಫಾರಮ್ಮು ಇದ್ದದ್ದು ಉತ್ತರದ ಒಂದು ಸಣ್ಣ ಊರಿನಲ್ಲಿ. ಊರಿನ ಹೆಸರು ಬೇಡ. ಗುಡ್ಡ, ಹುಲ್ಲು, ಹೊಲಕ್ಕೊಂದು ಕಲ್ಲುಗೋಡೆ. ನಮ್ಮಲ್ಲಿ ಕೋಟೆಗೆ ಹಾಕುವಷ್ಟು ಕಲ್ಲನ್ನು ಅವರು ಕುರಿಗೆ ಹಾಕಿದ್ದಾರೆ. ಬಿಸಿಲು ನೆಂಟನ ಹಾಗೆ ಬಂದು, ಕೂರು ಅನ್ನುವುದರೊಳಗೆ ಎದ್ದು ಹೋಗುತ್ತದೆ.

ನಾನು ಇಳಿದುಕೊಂಡ ಮನೆಯ ಒಡತಿ ಮಿಸೆಸ್ ಡಾಲ್ಬಿ ಒಳ್ಳೆಯ ಹೆಂಗಸು. ಮಾಂಸ ತಿನ್ನುವುದಿಲ್ಲ ಎಂದದ್ದಕ್ಕೆ ಮರುಕಪಟ್ಟು, ಹಾಗಾದರೆ ಕೋಳಿ ಕೊಡುತ್ತೇನೆ ಎಂದಳು. ಕೋಳಿಯೂ ಬೇಡ ಎಂದರೆ ಎಲೆಕೋಸು ಬೇಯಿಸಿ ಕೊಟ್ಟಳು. ಆ ಎಲೆಕೋಸಿಗೆ ರುಚಿಯೆಲ್ಲಿಂದ ಬಂತು ಎಂದು ತಿಳಿಯಲು ನನಗೆ ಒಂದು ವಾರ ಹಿಡಿಯಿತು, ಹಂದಿಮಾಂಸ ಬೇಯಿಸಿದ ನೀರು ಅದು. ಆಮೇಲೆ ನಾನು ಬ್ರೆಡ್ಡು, ಹಾಲು, ಆಲೂಗಡ್ಡೆಯಲ್ಲಿ ಕಾಲ ಹಾಕಿದೆ. ಬೆಳಿಗ್ಗೆ ದಿನವೂ ಸ್ನಾನ ಮಾಡುವುದು ಕಂಡು, ನಿನಗೆ ಏನಾದರೂ ಚರ್ಮದ ಕಾಯಿಲೆಯೇ ಎಂದು ಮೆಲ್ಲಗೆ ಕೇಳಿದಳು. ಅವರ ನಾಯಿ ಮಾತ್ರ ದಿವಾನಖಾನೆಯಲ್ಲಿ ಕುರ್ಚಿಯ ಮೇಲೆ ಮಲಗುತ್ತಿತ್ತು, ಅದಕ್ಕೆ ಸ್ನಾನವನ್ನು ಯಾರೂ ಕೇಳುತ್ತಿರಲಿಲ್ಲ.

ಫಾರಮ್ಮಿನ ಮುಖ್ಯಸ್ಥರು ಡಾಕ್ಟರ್ ಎಲಿಸ್. ತೆಳ್ಳಗಿನ, ಮೆಲುದನಿಯ, ಸಿಟ್ಟೇ ಬಾರದ ಮನುಷ್ಯ. ಸಿಟ್ಟು ಬಾರದವರನ್ನು ಕಂಡರೆ ನನಗೆ ಮೊದಲಿಂದಲೂ ಆಗುವುದಿಲ್ಲ. ಈಲಿಗಳನ್ನು ಪರೀಕ್ಷೆ ಮಾಡಿ, ಅವರು ನನ್ನನ್ನು ಕರೆದು ಕೂರಿಸಿ ಚಹಾ ಕೊಟ್ಟು ಹೇಳಿದರು: "ತಾಮ್ರ. ತುಂಬಿಹೋಗಿದೆ."

ತಾಮ್ರ ಎಂದರೆ ನಮ್ಮ ಊರಿನ ಬಾಯಲ್ಲಿ ಏನು? ಮೈಲುತುತ್ತ. ಬೀರಯ್ಯ ಕಂಬಳಿ ಕವಿದುಕೊಂಡು ಹೇಳಿದ್ದನ್ನೇ ಈ ಮನುಷ್ಯ ಕನ್ನಡಕ ಹಾಕಿಕೊಂಡು ಹೇಳಿದ. ಏಳು ಸಮುದ್ರ ದಾಟಿ ನಾನು ಅಕ್ಕನ ಮೇಲೆ ಸಾಕ್ಷಿ ಹುಡುಕಿಕೊಟ್ಟ ಹಾಗಾಯಿತು.

"ನಿಮ್ಮ ಉಪ್ಪಿನಿಂದಲೇ ಬಂದ ತಾಮ್ರ ಇರಬಹುದಲ್ಲ?" ಎಂದೆ.

"ಒಂದೆರಡು ದಿನ ತಿಂದರೆ ಕುರಿಗೂ ಏನೂ ಆಗುವುದಿಲ್ಲ. ನಾವು ನೋಡಿದ್ದೇವೆ. ಇಷ್ಟು ತುಂಬಬೇಕಾದರೆ ಯಾರೋ ಬೇಕೆಂದೇ ಹೆಚ್ಚಾಗಿ ಹಾಕಿರಬೇಕು. ನಿಮ್ಮ ದೇಶದಲ್ಲಿ ಇಂಥ ಜಗಳಗಳು ಉಂಟಲ್ಲವೆ?"

ನಮ್ಮ ದೇಶದ ಜಗಳ ಇವರಿಗೆ ಗೊತ್ತು. ನಮ್ಮ ದೇಶದ ಉಪ್ಪು ಗೊತ್ತಿಲ್ಲ. ಎದ್ದು ಬಂದುಬಿಟ್ಟೆ. ಅಂದು ಮಿಸೆಸ್ ಡಾಲ್ಬಿಯ ಆಲೂಗಡ್ಡೆಯನ್ನೂ ಮುಟ್ಟಲಿಲ್ಲ.

ಬ್ರೆಡ್ಡಿನ ಜಗಳ

ಭಾನುವಾರ ಆ ಊರಿನಲ್ಲಿ ನೊಣವೂ ಹಾರುವುದಿಲ್ಲ. ಕೋಟಿನ ಜೇಬಿಗೆ ಎರಡು ಚೂರು ಬ್ರೆಡ್ಡು ಹಾಕಿಕೊಂಡು ಗುಡ್ಡದ ಕಡೆ ನಡೆದೆ. ಗೋಡೆಯ ಆಚೆ ಕುರಿಗಳು ಮೇಯುತ್ತಿದ್ದವು. ಒಂದು ಕುರಿ ಗೋಡೆಯ ಹತ್ತಿರಕ್ಕೆ ಬಂದು ನನ್ನ ಮುಖ ನೋಡಿತು. ನಮ್ಮಲ್ಲಿ ಒಂದು ಪ್ರಾಣಿ ಹಾಗೆ ನೋಡಿದರೆ ಕೈಯಲ್ಲಿದ್ದದ್ದನ್ನು ಕೊಡದೆ ಯಾರು ಮುಂದೆ ಹೋಗುತ್ತಾರೆ? ಬ್ರೆಡ್ಡು ಮುರಿದು ಕೊಟ್ಟೆ.

"ಏಯ್, ಏನು ಮಾಡುತ್ತಿದ್ದೀಯ?" ಎಂದು ಒಬ್ಬ ರೈತ ಗುಡ್ಡದ ಮೇಲಿಂದ ಓಡಿ ಬಂದ. ಮುಖ ಕೆಂಪು, ಕೈಯಲ್ಲಿ ಕೋಲು.

"ಬ್ರೆಡ್ಡು ಕೊಟ್ಟೆ."

"ನನ್ನ ಕುರಿಗೆ ನೀನು ಯಾರು ತಿನ್ನಿಸಲಿಕ್ಕೆ? ನಾನು ಏನು ಹಾಕಿದ್ದೇನೆ, ಎಷ್ಟು ಹಾಕಿದ್ದೇನೆ ನಿನಗೆ ಗೊತ್ತೇ? ಎಲ್ಲರೂ ಬಂದು ಒಂದೊಂದು ಚೂರು ಹಾಕಿದರೆ ನನ್ನ ಲೆಕ್ಕ ಏನಾಗಬೇಕು?"

ಎಂಥ ಲೋಭಿ ಜನವಪ್ಪ, ಮೂಕಪ್ರಾಣಿಗೆ ಒಂದು ತುತ್ತು ಹಾಕಿದ್ದಕ್ಕೆ ಕೋಲು ಎತ್ತುತ್ತಾರೆ ಎಂದು ಬೈದುಕೊಂಡೇ ಗುಡ್ಡ ಇಳಿದೆ. ಅರ್ಧ ದಾರಿಯಲ್ಲಿ ಅವನ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಎಲ್ಲರೂ ಬಂದು ಒಂದೊಂದು ಚೂರು ಹಾಕಿದರೆ. ಅರಕಲಗೂಡಿಂದ ಇಲ್ಲೀಗಂಟ ಎಲ್ಲಾರ್ ಮನೇಲೂ ಉಪ್ಪು ಕೊಟ್ರು ಸಾ.

ಈ ದೇಶದಲ್ಲಿ ಒಂದು ಕುರಿಗೆ ಒಬ್ಬ ಒಡೆಯ. ಅವನು ಕೊಟ್ಟಷ್ಟೇ ಅದಕ್ಕೆ ಉಪ್ಪು. ಎಲಿಸರ ಲೆಕ್ಕವೆಲ್ಲ ಆ ಕಲ್ಲುಗೋಡೆಯ ಒಳಗಿನದು. ನಮ್ಮಲ್ಲಿ ಮಂದೆ ಇಂದು ಒಬ್ಬರ ಹೊಲದಲ್ಲಿ, ನಾಳೆ ಇನ್ನೊಬ್ಬರ ಹೊಲದಲ್ಲಿ. ಪ್ರತಿ ಮನೆಯವರೂ ಕೊಡುವುದು ಒಂದೆರಡು ದಿನದ್ದು ಮಾತ್ರ, ಆದರೆ ಕುರಿ ತಿನ್ನುವುದು ಸುಗ್ಗಿಯ ಉದ್ದಕ್ಕೂ. ದನದ ಮೈಯಿಂದ ಹೆಚ್ಚಾದ ತಾಮ್ರ ಹೊರಗೆ ಹೋಗುತ್ತದೆ. ಕುರಿಯ ಈಲಿ ಅದನ್ನು ಕೂಡಿಟ್ಟುಕೊಂಡಿದ್ದರೆ? ತುಂಬುವವರೆಗೂ ಸುಮ್ಮನಿದ್ದು, ತುಂಬಿದ ದಿನ ಒಡೆದುಕೊಂಡಿದ್ದರೆ? ಆ ದಿನ ಮಂದೆ ಯಾರ ಹೊಲದಲ್ಲಿತ್ತೋ ಅವರು ಪಾಪಿ. ದಾರಿಯ ಕೊನೆಯಲ್ಲಿ ಹೊಲವಿದ್ದದ್ದೇ ನನ್ನ ಅಕ್ಕನ ಅಪರಾಧ. ನಾನು ಆ ಗುಡ್ಡದ ಬುಡದಲ್ಲಿ ಹುಲ್ಲಿನ ಮೇಲೆ ಕೂತು ಮಕ್ಕಳ ಹಾಗೆ ಅತ್ತೆ.

ಮಾರನೆಯ ದಿನ ಎಲಿಸರಿಗೆ ಇದನ್ನು ಹೇಳಿದೆ. ಮಂದೆ ನಿಲ್ಲಿಸುವ ಪದ್ಧತಿಯನ್ನು ಅವರು ಒಂದು ಗಂಟೆ ಕೇಳಿದರು, ಚಿತ್ರ ಬರೆಸಿಕೊಂಡರು.

"ಪರರ ಪ್ರಾಣಿಗೆ ಎಲ್ಲರೂ ತಿನ್ನಿಸುತ್ತಾರೆಯೇ? ಕೇಳದೆಯೇ?"

"ಕೇಳಿದರೆ ಅವಮಾನ. ಕೊಡದಿದ್ದರೆ ಇನ್ನೂ ಅವಮಾನ."

"ನೋಡೇಬಿಡೋಣ," ಎಂದರು.

ಹಾಸನದ ದೊಡ್ಡಿ

ಕೆಲವು ಕುರಿಗಳನ್ನು ಬೇರೆ ಮಾಡಿ ಒಂದು ದೊಡ್ಡಿಯಲ್ಲಿ ಕೂಡಿದರು. ಬಾಗಿಲ ಮೇಲಿನ ಹಲಗೆಗೆ ಹಾಸನ ಎಂದು ಬರೆದರು. ನಮ್ಮ ಒಂದು ಮನೆಯವರು ಮೊರದಲ್ಲಿ ಎಷ್ಟು ಉಪ್ಪು ಕೊಡುತ್ತಾರೋ ಅಷ್ಟು ನೀಲಿ ಉಪ್ಪನ್ನು ನಾನೇ ದಿನವೂ ಹಾಕುತ್ತಿದ್ದೆ. ಪಕ್ಕದ ದೊಡ್ಡಿಯ ಕುರಿಗಳಿಗೆ ಬರೀ ಉಪ್ಪು. ಎರಡು ದೊಡ್ಡಿಯವೂ ಒಂದೇ ತರಹ ಮೇಯ್ದವು, ಮಲಗಿದವು. ವಾರಗಳು ಕಳೆದವು. ನನ್ನ ಕುರಿಗಳು ಸಾಯುವುದಿರಲಿ, ಕೊಬ್ಬಿದವು. ಉಪ್ಪಿನ ಬಟ್ಟಲು ಕಂಡರೆ ಓಡಿ ಬಂದು ಮೊಣಕಾಲಿಗೆ ತಲೆ ಒತ್ತುತ್ತಿದ್ದವು. ಕಿವಿ ಹರಿದ ಒಂದು ಕುರಿಯಂತೂ ನನ್ನ ಹೆಜ್ಜೆ ಸಪ್ಪಳವನ್ನೇ ಗುರುತು ಹಿಡಿದು ಕೂಗುತ್ತಿತ್ತು. ಅದರ ತಲೆ ನೇವರಿಸುತ್ತ, ಸಾಯೇ ತಾಯಿ, ಬೇಗ ಸಾಯಿ ಎಂದು ಬೇಡಿಕೊಳ್ಳುತ್ತಿದ್ದೆ. ಬೆಳಿಗ್ಗೆ ಅಂಗೈಯಲ್ಲಿ ಲಿಂಗ ಹಿಡಿದು ಕೂತರೂ ಅದೇ ಪ್ರಾರ್ಥನೆ. ಲೋಕದಲ್ಲಿ ಯಾವ ದನದ ಡಾಕ್ಟರಿಗೂ ಇಂಥ ಗತಿ ಬಾರದಿರಲಿ.

ಎಲಿಸರು ದಿನವೂ ಬಂದು ನೋಡಿ, "ನಿಮ್ಮ ಊಹೆ ಸುಂದರವಾಗಿತ್ತು," ಎಂದು ಹೋಗುತ್ತಿದ್ದರು. ಕಂಪನಿಗೆ ಬೇಕಾಗಿದ್ದ ದನದ ಕೆಲಸವನ್ನು ನಾನು ಅಷ್ಟರಲ್ಲಿ ಮುಗಿಸಿಕೊಟ್ಟೆ. ದನಕ್ಕೆ ಒಳ್ಳೆಯದು ಎಂದು ಹೇಳಿದೆ, ಅದು ನಿಜ. ಕುರಿಯ ವಿಚಾರ ಮುಗಿಯದೆ ಊರಿಗೆ ಹೋಗುವುದಿಲ್ಲ ಎಂದೂ ಹೇಳಿದೆ.

ಮಂಜು ಬೀಳತೊಡಗಿದ ಮೇಲೆ ಒಂದು ಬೆಳಿಗ್ಗೆ ಕಿವಿ ಹರಿದ ಕುರಿ ಕೂಗಲಿಲ್ಲ. ಮೂಲೆಯಲ್ಲಿ ತಲೆ ಜೋಲಿಸಿ ನಿಂತಿತ್ತು. ಕಣ್ಣಿನ ರೆಪ್ಪೆ ಮಗುಚಿ ನೋಡಿದೆ, ಅರಿಸಿನ. ನೆಲದ ಮೇಲೆ ಕಾಫಿಯ ಬಣ್ಣ. ಮಧ್ಯಾಹ್ನಕ್ಕೆ ಅದು ಹೋಯಿತು. ಆ ವಾರದಲ್ಲಿ ಅದರ ಹಿಂದೆ ಮಿಕ್ಕವೂ ಹೋದವು. ಪಕ್ಕದ ದೊಡ್ಡಿಯಲ್ಲಿ ಒಂದೂ ಬೀಳಲಿಲ್ಲ. ನಾನೇ ಕೊಯ್ದು ತೆಗೆದ ಈಲಿಗೂ ಹಾಸನದಿಂದ ತಂದ ಈಲಿಗೂ ಎಳ್ಳಷ್ಟು ವ್ಯತ್ಯಾಸವಿರಲಿಲ್ಲ. ನಾನು ಗೆದ್ದಿದ್ದೆ. ಆ ಕುರಿಯ ತಲೆ ಮೊಣಕಾಲಿಗೆ ತಗುಲಿದ ನೆನಪಿಗೆ ಊಟ ಬಿಟ್ಟೆ, ಅಕ್ಕನ ನೆನಪಿಗೆ ಮತ್ತೆ ಉಂಡೆ.

"ಇನ್ನು ಈ ಉಪ್ಪನ್ನು ನಮ್ಮ ಕಡೆ ನಿಲ್ಲಿಸುತ್ತೀರಲ್ಲ?" ಎಂದು ಎಲಿಸರನ್ನು ಕೇಳಿದೆ.

"ಯಾಕೆ ನಿಲ್ಲಿಸಬೇಕು? ದನಕ್ಕೆ ಒಳ್ಳೆಯದೆಂದು ನೀವೇ ಹೇಳಿದ್ದೀರಿ. ಚೀಲದ ಮೇಲೆ ಕುರಿಗಳಿಗಲ್ಲ ಎಂದು ಅಚ್ಚು ಹಾಕಿಸುತ್ತೇವೆ. ಉಪ್ಪಿನಲ್ಲಿ ತಪ್ಪಿಲ್ಲ ಮಿತ್ರರೇ, ನಿಮ್ಮವರ ಪದ್ಧತಿಯಲ್ಲಿ ತಪ್ಪಿದೆ."

"ಪದ್ಧತಿ ಬಿಟ್ಟು ಉಪ್ಪು ಎಲ್ಲಿದೆ ಡಾಕ್ಟರೇ? ಉಪ್ಪು ತಾನಾಗಿ ನಡೆದುಕೊಂಡು ಹೋಗಿ ದನದ ಬಾಯಿಗೆ ಬೀಳುತ್ತದೆಯೆ? ಯಾರೋ ಕೈಯೆತ್ತಿ ಕೊಡಬೇಕು. ಆ ಕೈ ನಮ್ಮದು, ಎಲ್ಲರಿಗೂ ಕೊಡುವ ಕೈ. ಅದನ್ನು ಪರೀಕ್ಷೆ ಮಾಡದೆ ಒಳ್ಳೆಯ ಉಪ್ಪು ಎಂದು ಹೇಗೆ ಹಂಚಿದಿರಿ?"

ಅವರು ನಕ್ಕು ಚಹಾ ಬಗ್ಗಿಸಿದರು. ಆಗಲೂ ಸಿಟ್ಟು ಬರಲಿಲ್ಲ ಅವರಿಗೆ. ಆ ಚಹಾವನ್ನು ಮೇಜಿನ ಮೇಲೆಯೇ ಬಿಟ್ಟು ಬಂದೆ.

ಮರಳಿ ಹಾಸನ

ನಾನು ಹಡಗು ಹತ್ತುವ ಹೊತ್ತಿಗೆ ಯುದ್ಧ ಶುರುವಾಗಿತ್ತು. ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ. ಹಡಗು ಕುಡಿದವನ ಹಾಗೆ ಅತ್ತ ಇತ್ತ ಸೊಟ್ಟಗೆ ಹೋಗುತ್ತಿತ್ತು, ಶತ್ರುಗಳ ಗುರಿ ತಪ್ಪಿಸಲು. ಜನ ದೇವರನ್ನು ನೆನೆದರು. ನಾನೂ ನೆನೆದೆ. ಮುಳುಗಿದರೆ ಅಕ್ಕನ ಹೆಸರೂ ಮುಳುಗೀತು ಎಂಬುದೇ ನನ್ನ ಹೆದರಿಕೆ.

ಹಾಸನದಲ್ಲಿ ನನಗಿಂತ ಮೊದಲೇ ಹೊಸ ಚೀಲಗಳು ಬಂದು ಕೂತಿದ್ದವು. ಚೀಲದ ಅಡಿಯಲ್ಲಿ ಕಡಲೆಕಾಳಿನಷ್ಟು ಅಕ್ಷರದಲ್ಲಿ, ಇಂಗ್ಲಿಷಿನಲ್ಲಿ, ಕುರಿಗಳಿಗಲ್ಲ ಎಂದಿತ್ತು. ಏಜೆಂಟನಿಗೆ, "ಇದನ್ನು ಯಾರಯ್ಯ ಓದುತ್ತಾರೆ?" ಎಂದೆ. "ನೀವಿದ್ದೀರಲ್ಲ ಸಾರ್, ಓದಿ ಹೇಳೋಕೆ," ಎಂದು ಹಲ್ಲು ಕಿರಿದ. ಸರಿ, ಹೇಳುತ್ತೇನೆ ಎಂದುಕೊಂಡೆ. ಹೇಳುವುದಕ್ಕೆ ತಾನೆ ಅಷ್ಟು ದೂರ ಹೋಗಿ ಬಂದದ್ದು.

ಚನ್ನರಾಯಪಟ್ಟಣ

ಸಂತೆಯ ದಿನ ಎಲ್ಲ ಊರಿನವರೂ ಚನ್ನರಾಯಪಟ್ಟಣಕ್ಕೆ ಬರುತ್ತಾರೆ. ಮಂದೆ ಬಂದ ದಾರಿಯ ಯಜಮಾನರನ್ನೆಲ್ಲ ಸಂತೆಯ ಹತ್ತಿರದ ಛತ್ರದ ಜಗಲಿಗೆ ಕರೆಸಿದೆ. ಕಟ್ಟಾಯದಿಂದ ದೊಡ್ಡಯ್ಯ, ಕೊರವಂಗಲದಿಂದ ರುದ್ರಪ್ಪನವರು, ಇನ್ನೂ ನಾಲ್ಕಾರು ಜನ. ಬೀರಯ್ಯ ಕೆಳಗೆ ಮೆಟ್ಟಿಲ ಮೇಲೆ ಕೂತ. ಸಾಲ ಸೋಲ ಮಾಡಿ ಮತ್ತೆ ಒಂದು ಸಣ್ಣ ಮಂದೆ ಕಟ್ಟಿದ್ದ. ಗೌರಕ್ಕ ಹಿಂದೆ ಕಂಬಕ್ಕೆ ಒರಗಿ ಸೆರಗು ಹೊದ್ದು ನಿಂತಳು.

ನಾನು ಎಲ್ಲವನ್ನೂ ಬಿಡಿಸಿ ಹೇಳಿದೆ. ವಿಲಾಯತಿಯ ಕುರಿ, ದಿನದಿನದ ಉಪ್ಪು, ಈಲಿಯಲ್ಲಿ ಕೂಡಿಕೊಂಡ ತಾಮ್ರ. ಯಾರೂ ವಿಷ ಹಾಕಿಲ್ಲ, ಎಲ್ಲರೂ ಒಳ್ಳೆಯ ಮನಸ್ಸಿನಿಂದ ಕೊಟ್ಟ ಉಪ್ಪೇ ಸೇರಿ ಸೇರಿ ವಿಷವಾಯಿತು ಎಂದೆ. ಯಾರ ಮೇಲೂ ತಪ್ಪು ಹೊರಿಸದ ಹಾಗೆ, ನಯವಾಗಿ, ನಾನು ಜನ್ಮದಲ್ಲಿ ಆಡದಷ್ಟು ನಯವಾಗಿ ಹೇಳಿದೆ.

ರುದ್ರಪ್ಪನವರು ಎಲೆ ಅಡಿಕೆ ಉಗಿದು ಬಂದು ಕೂತರು.

"ಅಂಗಾರೆ ಕುರಿ ಕೊಂದೋರು ನಾವೆಲ್ಲಾ ಅನ್ನಿ."

"ಕೊಂದಿರಿ ಎನ್ನಲಿಲ್ಲ ಯಜಮಾನರೇ. ಗೊತ್ತಿಲ್ಲದೆ ಆದದ್ದು."

"ಗೊತ್ತಿದ್ದೋ ಗೊತ್ತಿಲ್ದೆಯೋ, ನಮ್ ಮನೆ ಉಪ್ಪಿಂದ ಜೀವ ಓಯ್ತು ಅಂದಂಗೇ ಆಯ್ತಲ್ಲ. ನಾವು ನೀಲಿ ಉಪ್ಪು ಕೊಟ್ಟೇ ಇಲ್ಲ ಕಣ್ರೀ. ಕುರಿಗೆ ಕೊಟ್ಟಿದ್ದು ಕಲ್ಲುಪ್ಪು."

ದೊಡ್ಡಯ್ಯನೂ ಕತ್ತು ಆಡಿಸಿದ. "ನಮ್ಮಲ್ಲೂವೆ ಕಲ್ಲುಪ್ಪೇ. ನೀಲೀದು ದನಕ್ಕೆ ಸಾಲಾಕಿಲ್ಲ, ಕುರಿಗ್ಯಾರು ಕೊಟ್ಟಾರು?"

ಒಬ್ಬರ ಹಿಂದೆ ಒಬ್ಬರು ಕಲ್ಲುಪ್ಪು, ಕಲ್ಲುಪ್ಪು ಎಂದರು. ನಾನು ಬೀರಯ್ಯನ ಕಡೆ ತಿರುಗಿದೆ. ಮೊರ ಮೊರವಾಗಿ ಉಪ್ಪು ಇಸಿದುಕೊಂಡವನು ಅವನು. ಕುರಿ ಕಳೆದುಕೊಂಡವನೂ ಅವನೇ.

"ಹೇಳಯ್ಯ ಬೀರಯ್ಯ. ಎಲ್ಲರ ಮನೆಯಲ್ಲೂ ಇದೇ ನೀಲಿ ಉಪ್ಪು ಅಂತ ನೀನೇ ಹೇಳಿದ್ದೆ."

ಬೀರಯ್ಯ ಕಂಬಳಿಯ ಅಂಚು ಕೀಳುತ್ತ ನೆಲ ನೋಡಿದ. "ನಂಗೆ ನೆಪ್ಪಿಲ್ಲ ಸಾ. ಕುರಿ ಸತ್ತ ಸಂಕ್ಟದಾಗೆ ಏನ್ ಅಂದ್ನೋ ಏನೋ."

"ನೆನಪಿಲ್ಲವೋ, ಹೇಳೋಕೆ ಇಷ್ಟವಿಲ್ಲವೋ?"

"ಉಪ್ಪುಂಡ್ ಮನೆಗೆ ಎರಡು ಬಗಿಯಾಕಾಯ್ತದಾ ಸಾ," ಎಂದ ಮೆಲ್ಲಗೆ. "ಇನ್ನೊಂದ್ ವಾರಕ್ಕೆ ಮಂದೆ ಇವ್ರ ಒಲ್ದಾಗೇ ನಿಲ್ಬೇಕು."

ಯಾರೂ ನೀಲಿ ಉಪ್ಪು ಕೊಟ್ಟಿಲ್ಲವಾದರೆ ಕುರಿಯ ಈಲಿಗೆ ತಾಮ್ರ ಎಲ್ಲಿಂದ ಬಂತು ಎಂದು ಕೂಗಿದೆ. ಎಲ್ಲರ ಕಣ್ಣೂ ಕಂಬದ ಕಡೆ ಹೋಯಿತು. ತಾಮ್ರ ಎಂದರೆ ಅವರಿಗೆ ಮೈಲುತುತ್ತ, ಕುರಿಯ ಈಲಿಯಲ್ಲಿ ಇದ್ದದ್ದು ಅದೇ ಎಂದು ಈಗ ಹೇಳಿಕೊಟ್ಟವನು ನಾನೇ.

ಗೌರಕ್ಕ ಸೆರಗು ಸರಿಮಾಡಿಕೊಂಡು ಒಂದು ಹೆಜ್ಜೆ ಮುಂದೆ ಬಂದಳು.

"ನಾನ್ ಕೊಟ್ಟೆ ಕಣಪ್ಪ. ನೀಲಿ ಉಪ್ಪೇ ಕೊಟ್ಟೆ. ಎತ್ತಿಗೆ ಒಳ್ಳೇದಾದ್ರೆ ಕುರಿಗೂ ಒಳ್ಳೇದು ಅಂತ ಕೊಟ್ಟೆ. ನಾನು ಕೊಟ್ಟಿಲ್ಲ ಅನ್ನಾಕಿಲ್ಲ."

"ನೋಡಿದ್ರಾ, ಅವ್ರೇ ಒಪ್ಕಂಡ್ರು," ಎಂದರು ರುದ್ರಪ್ಪನವರು, ದೊಡ್ಡ ಮನಸ್ಸಿನಿಂದ. "ಓಗ್ಲಿ ಬಿಡಿ, ಎಣ್ಣೆಂಗ್ಸು." ಪಂಚೆ ಕೊಡವಿಕೊಂಡು ಎದ್ದರು. ಸಂತೆಯ ಹೊತ್ತು ಮೀರುತ್ತಿತ್ತು, ಮಿಕ್ಕವರೂ ಎದ್ದರು.

ದಾರಿಯಲ್ಲಿ ಗಾಡಿಯ ಮೇಲೆ ಕೂತು ನಾನು ಬೀರಯ್ಯನಿಗೆ, ಅವನ ಮಂದೆಗೆ, ಏಳು ತಲೆಮಾರಿಗೆ ಶಾಪ ಹಾಕಿದೆ. ಅಕ್ಕ ಎತ್ತುಗಳ ಬೆನ್ನು ನೋಡುತ್ತ ಕೂತಿದ್ದಳು.

"ಬಿಡು ತಮ್ಮಯ್ಯ. ಅವ್ನೂ ಬದುಕ್ಬೇಕಲ್ಲ."

"ನೀನು?"

ಅವಳು ಎತ್ತುಗಳನ್ನು ಚಪ್ಪರಿಸಿ ಮುಂದಕ್ಕೆ ಹೊಡೆದಳು.

ಆ ಸುಗ್ಗಿಯಲ್ಲಿ ಬೀರಯ್ಯನ ಮಂದೆ ಅರಕಲಗೂಡಿನಿಂದ ಬಂತು. ಕಟ್ಟಾಯದಲ್ಲಿ ನಿಂತಿತು, ಸಾಲಗಾಮೆಯಲ್ಲಿ, ಕೊರವಂಗಲದಲ್ಲಿ ನಿಂತಿತು. ಕೆಲಸದ ನೆಪ ಮಾಡಿ ನಾನು ಊರೂರಿಗೆ ಹೋಗಿ ನೋಡಿದೆ. ಯಾವ ಮನೆಯವರೂ ಕುರಿಗೆ ನೀಲಿ ಉಪ್ಪು ಕೊಡಲಿಲ್ಲ. ರುದ್ರಪ್ಪನವರ ಮನೆಯಿಂದ ಬಂದ ಮೊರದಲ್ಲೂ ಬೆಳ್ಳಗಿನ ಕಲ್ಲುಪ್ಪೇ ಇತ್ತು. ನಾನು ಹೇಳಿದ ಒಂದೊಂದು ಮಾತನ್ನೂ ಅವರು ನಂಬಿದ್ದರು. ಚನ್ನರಾಯಪಟ್ಟಣ ದಾಟಿ ಬಂದ ಮಂದೆ ಅಕ್ಕನ ಹೊಲದ ಬದುವಿನ ಮೇಲೆ ಹಾದು, ನಿಲ್ಲದೆ ಮುಂದಕ್ಕೆ ಹೋಯಿತು. ಆ ವರ್ಷ ಒಂದು ಕುರಿಯೂ ಸಾಯಲಿಲ್ಲ. ಗೌರಮ್ಮನ ಹೊಲದಲ್ಲಿ ನಿಲ್ಲಿಸದೆ ಇದ್ದದ್ದಕ್ಕೇ ಈ ಸಲ ಕುರಿಗಳು ಉಳಿದವು ಎಂದು ಊರು ಹೇಳಿತು, ಇವತ್ತಿಗೂ ಹಾಗೇ ಹೇಳುತ್ತದೆ.